ಊದಿದ ಲೋಟ

ನನ್ನ ಭಾವನವರ ಬಗ್ಗೆ ಒಳ್ಳೆಯ ಮಾತು ಕೇಳಬೇಕೆಂದು ಬಂದವರು ಈಗಲೇ ಎದ್ದು ಹೋಗಬಹುದು. ಅವರು ನನ್ನ ಗಂಡನ ಅಣ್ಣ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ, ಅದರಲ್ಲಿ ಒಂಬತ್ತು ವರ್ಷ ಒಂದೇ ಆಸ್ಪತ್ರೆಯಲ್ಲಿ ಅವರ ಜೊತೆ ದಿನ ನೂಕಿದ್ದೇನೆ. ಬೆಳಿಗ್ಗೆ ಮನೆಯಲ್ಲಿ ಅವರ ಗಂಟುಮುಖ ನೋಡಿಕೊಂಡು ಹೊರಟರೆ, ಆಸ್ಪತ್ರೆಯಲ್ಲೂ ಅದೇ ಮುಖ ನನಗಿಂತ ಮೊದಲೇ ಬಂದು ನಿಂತಿರುತ್ತಿತ್ತು. ಬೇರೆ ಹೆಂಗಸರಿಗೆ ಮನೆಯ ಕಾಟ ಮರೆಯಲು ಕೆಲಸ ಇರುತ್ತದೆ, ಕೆಲಸದ ಕಾಟ ಮರೆಯಲು ಮನೆ ಇರುತ್ತದೆ. ನನಗೆ ಎರಡೂ ಕಡೆ ಭಾವನವರೇ ಇದ್ದರು.

ಅದು ಹಲ್ಲಿನ ಆಸ್ಪತ್ರೆ. ಡಾಕ್ಟರಾಗಲು ಓದುವವರು ಅಲ್ಲೇ ಕೈ ಪಳಗಿಸಿಕೊಳ್ಳುವುದರಿಂದ ಚಿಕಿತ್ಸೆ ಅಗ್ಗ, ಜನ ಜಾಸ್ತಿ. ಉದ್ದನೆಯ ಹಾಲ್‌ನಲ್ಲಿ ಸಾಲಾಗಿ ಮೂವತ್ತೆರಡು ಕುರ್ಚಿ. ಬಾಯಲ್ಲಿರುವ ಹಲ್ಲಿಗೆ ಸರಿಯಾಗಿ ಯಾರೋ ಬೇಕೆಂದೇ ಎಣಿಸಿ ಹಾಕಿಸಿರಬೇಕು. ಪ್ರತಿ ಕುರ್ಚಿಯ ಎಡಕ್ಕೆ ಉಗುಳುವ ಪುಟ್ಟ ಬೋಗುಣಿ, ಬೋಗುಣಿಯ ಪಕ್ಕ ಸಣ್ಣ ನಲ್ಲಿ, ನಲ್ಲಿಯ ಕೆಳಗೆ ಒಂದು ಪೇಪರ್ ಲೋಟ. ಹಲ್ಲು ಕಿತ್ತ ಮೇಲೆ, ಕೊರೆದ ಮೇಲೆ, ಜನ ಆ ಲೋಟದ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಾರೆ. ಬಾಯಲ್ಲಿ ಹಸಿ ಗಾಯ, ಕೈಯಲ್ಲಿ ಪೇಪರ್ ಲೋಟ. ದಿನಕ್ಕೆ ಐನೂರಕ್ಕೆ ಕಡಿಮೆ ಇಲ್ಲ.

ಆ ಲೋಟಗಳಿಗೆ ಭಾವನವರೇ ಯಜಮಾನರು. ಕಾಗದದ ಮೇಲೆ ಅವರು ಹಾಲ್ ಅಟೆಂಡರ್. ಕುರ್ಚಿ ಒರೆಸುವುದು, ಬೋಗುಣಿ ತೊಳೆಯುವುದು, ಹೆಸರು ಕೂಗಿ ಕರೆಯುವುದು ಎಲ್ಲ ಅದರಲ್ಲೇ ಬರುತ್ತಿತ್ತು. ಅದನ್ನೆಲ್ಲ ಮಾಡುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅವರ ಜೀವ ಇದ್ದದ್ದು ಲೋಟದ ಮೇಲೆ. ಓದುವ ಹುಡುಗ ಹುಡುಗಿಯರು ಅವರಿಗೆ ತಳದಣ್ಣ ಎಂದು ಹೆಸರಿಟ್ಟಿದ್ದರು. ಯಾರಾದರೂ ಲೋಟಕ್ಕೆ ಕೈ ಹಾಕಿದರೆ ಸಾಕು, ಹಾಲ್‌ನ ಯಾವ ಮೂಲೆಯಲ್ಲಿದ್ದರೂ "ತಳ ಹಿಡೀರಿ, ತಳ" ಎಂದು ಕೂಗುತ್ತಿದ್ದರು. ಅಂಚಿಗೆ ಬೆರಳು ತಗುಲಿದ ಲೋಟ ಅವರ ಪಾಲಿಗೆ ಸತ್ತ ಲೋಟ. ಅದರ ಹೊಟ್ಟೆಯ ಮೇಲೆ ಪೆನ್ನಿನಿಂದ ಕತ್ತರಿ ಗುರುತು ಹಾಕಿ, ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರ್ ರೂಮಿಗೆ ಪುಡಿ ಅಳೆಯಲು ಕಳಿಸಿಬಿಡುತ್ತಿದ್ದರು.

ಸ್ಟೋರ್ ರೂಮಿನಲ್ಲೂ ಅವರದೇ ಕಾನೂನು. ಲೋಟದ ಪೆಟ್ಟಿಗೆ ನೆಲದ ಮೇಲಿಡುವ ಹಾಗಿಲ್ಲ, ಮರದ ಹಲಗೆಯ ಮೇಲಿಡಬೇಕು. ಗೋಡೆಗೆ ತಾಗಿಸುವ ಹಾಗಿಲ್ಲ, ನಡುವೆ ಒಂದು ಗೇಣು ಜಾಗ ಬಿಡಬೇಕು. ಫಿನಾಯಿಲ್ ಡಬ್ಬಿ ಇರುವ ಕೋಣೆಯಲ್ಲಿ ಲೋಟ ಇಡಕೂಡದು, ಕಾಗದ ವಾಸನೆ ಕುಡಿಯುತ್ತದೆ. ಹಳೆಯ ಪೆಟ್ಟಿಗೆ ಮುಗಿಯದೆ ಹೊಸದಕ್ಕೆ ಕತ್ತರಿ ತಾಗಿಸಕೂಡದು. ಹಾಲ್‌ನ ಎಂಟು ಕಂಬಗಳಿಗೆ ಎಂಟು ಲೋಟದ ಕೊಳವೆ ಹೊಡೆಸಿದ್ದರು. ಮೇಲಿನಿಂದ ಲೋಟ ತುಂಬಿ ಮುಚ್ಚಳ ಹಾಕಿದರೆ ಕೆಳಗಿನಿಂದ ಒಂದೊಂದಾಗಿ ಎಳೆದುಕೊಳ್ಳಬಹುದು. ತುಂಬಲೂ ಒಂದು ಕ್ರಮ. ಐವತ್ತು ಲೋಟದ ಉದ್ದ ಕವರನ್ನು ತಳದ ಕಡೆಯೇ ಕತ್ತರಿಸಬೇಕು, ಬಾಯಿಯ ಕಡೆ ಕತ್ತರಿಸಿದರೆ ಕೈ ಅಂಚಿಗೆ ಹೋಗುತ್ತದೆ. ಕತ್ತರಿಸುವ ಮೊದಲು ಕವರನ್ನು ಎರಡು ಅಂಗೈ ನಡುವೆ ಮೆತ್ತಗೆ ಉರುಳಿಸಬೇಕು. ಹಾಗೆ ಮಾಡಿದರೆ ಒಂದಕ್ಕೊಂದು ಅಂಟಿದ ಲೋಟಗಳು ಒಳಗೊಳಗೇ ಸಡಿಲವಾಗುತ್ತವೆ. ಆಮೇಲೆ ಕವರು ಸಮೇತ ಕೊಳವೆಗೆ ಇಳಿಸಿ, ಬರೀ ಕವರನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಇಷ್ಟರಲ್ಲಿ ಒಂದು ಲೋಟಕ್ಕೂ ಮನುಷ್ಯರ ಕೈ ತಗುಲಿರುವುದಿಲ್ಲ. ಶನಿವಾರ ಸಂಜೆ ಎಂಟೂ ಕೊಳವೆ ಬಿಚ್ಚಿ, ತೊಳೆದು, ಬಾಯಿ ಕೆಳಗೆ ಮಾಡಿ ನೇತುಹಾಕಬೇಕು. ಸೋಮವಾರ ಬೆಳಿಗ್ಗೆ ಒಳಗೆ ಬೆರಳಾಡಿಸಿ ನೋಡಿ, ತೇವ ಇದ್ದರೆ ಅವತ್ತು ಆ ಕೊಳವೆಗೆ ರಜೆ.

ಇದೆಲ್ಲ ಸರಿಯಾದದ್ದೇ. ಸರಿಯಾದದ್ದನ್ನು ಹೇಳುವ ರೀತಿಯಲ್ಲಿ ಮನುಷ್ಯರ ಮಾನ ಕಳೆಯುವುದರಲ್ಲಿ ಭಾವನವರದು ಎತ್ತಿದ ಕೈ.

ಮನೆಯಲ್ಲೂ ಇದೇ ಹಾಡು. ನಾನು ತೊಳೆದು ಬೋರಲು ಹಾಕಿದ ಸ್ಟೀಲ್ ಲೋಟವನ್ನು ಎತ್ತುತ್ತಿದ್ದರು, ಬೆಳಕಿಗೆ ಹಿಡಿಯುತ್ತಿದ್ದರು, ಒಳಗೆ ಮೂಗು ಇಟ್ಟು ಮೂಸುತ್ತಿದ್ದರು, ಮತ್ತೆ ತೊಳೆದುಕೊಂಡು ನೀರು ಕುಡಿಯುತ್ತಿದ್ದರು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಾನೂ ನಾಲ್ಕು ಹೇಳಿ ಹಗುರಾಗುತ್ತಿದ್ದೆ. ಮಾತೇ ಇಲ್ಲ. ದಿನವೂ, ನನ್ನ ಕಣ್ಣೆದುರೇ, ನನ್ನ ಅಡಿಗೆಮನೆಯಲ್ಲೇ. ಅವರಿಗೆ ಮದುವೆಯಾಗಲಿಲ್ಲ. ಯಾವ ಹೆಣ್ಣಿನ ಪುಣ್ಯವೋ, ಆಕೆ ಎಲ್ಲಿದ್ದಾಳೋ, ತಣ್ಣಗಿರಲಿ.

ಮನೆ ಅವರ ಹೆಸರಿನಲ್ಲಿತ್ತು. ನನ್ನ ಗಂಡ ಕಬ್ಬಿಣದ ಗೇಟು ಬೆಸೆಯುವ ಕೆಲಸದವನು. ಬೆಂಕಿಯ ಕಿಡಿಗೆ ಹೆದರುವುದಿಲ್ಲ, ಅಣ್ಣನಿಗೆ ಹೆದರುತ್ತಾನೆ. "ಬೇರೆ ಮನೆ ಮಾಡೋಣ" ಎಂದು ನಾನು ಬಾಯಿ ತೆಗೆದಾಗಲೆಲ್ಲ "ಮೊದ್ಲು ನಿನ್ ಕೆಲ್ಸ ಖಾಯಂ ಆಗ್ಲಿ" ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ನಾನು ಟೆಂಪರರಿ. ಹನ್ನೊಂದು ತಿಂಗಳು ದುಡಿಸಿಕೊಂಡು, ಒಂದು ವಾರ ಮನೆಗೆ ಕಳಿಸಿ, ಮತ್ತೆ ಹೊಸದಾಗಿ ಸೇರಿಸಿಕೊಂಡ ಹಾಗೆ ಬರೆದುಕೊಳ್ಳುತ್ತಿದ್ದರು. ಒಂಬತ್ತು ವರ್ಷ ಹೀಗೇ ಹೊಸಬಳಾಗಿಯೇ ಹಳಬಳಾದೆ. ಆ ಕೆಲಸ ಕೊಡಿಸಿದವರೂ ಭಾವನವರೇ. ಅದನ್ನು ಅವರು ಒಂದು ಸಲವೂ ಎತ್ತಿ ಆಡಲಿಲ್ಲ. ಆಡಿದ್ದರೆ ಜಗಳಕ್ಕಾದರೂ ಒಂದು ದಾರಿ ಆಗುತ್ತಿತ್ತು.

ಇನ್ನು ಊದುವ ವಿಷಯ. ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದು ಚಾಳಿ. ಲೋಟ ಕೈಗೆ ಬಂದರೆ ಒಳಗೆ ಒಂದು ಸಲ 'ಫೂ' ಎಂದು ಊದುವುದು. ಧೂಳಿರಲಿ ಇಲ್ಲದಿರಲಿ, ಊದಿದರೆ ಚೊಕ್ಕಟವಾಯಿತು ಎಂಬ ನಂಬಿಕೆ. ಕ್ಯಾಂಟೀನಿನವನು ಊದುತ್ತಿದ್ದ, ನರ್ಸ್ ಊದುತ್ತಿದ್ದಳು, ಕಾಯಿಲೆ ಹೇಗೆ ಹರಡುತ್ತದೆ ಎಂದು ದಪ್ಪ ಪುಸ್ತಕ ಓದಿ ಪಾಸಾದ ಡಾಕ್ಟರೂ ಊದುತ್ತಿದ್ದರು. ಅಂಟಿಕೊಂಡ ಲೋಟ ಬಿಡಿಸಲಂತೂ ಊದುವುದೇ ಸುಲಭ. ಬಾಯಿ ಹತ್ತಿರ ತಂದು ಜೋರಾಗಿ ಊದಿದರೆ ಲೋಟಗಳ ನಡುವೆ ಗಾಳಿ ಹೊಕ್ಕು ಫಟ್ಟನೆ ಬಿಡುತ್ತವೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೂ ಹಾಗೇ ಮಾಡಿದೆ. ಬೆಳಿಗ್ಗೆ ಹತ್ತೂವರೆ, ಮೂವತ್ತೆರಡು ಕುರ್ಚಿಯೂ ತುಂಬಿತ್ತು, ಬೆಂಚಿನ ಮೇಲೆ ಇನ್ನೂ ಅಷ್ಟೇ ಜನ. ಭಾವನವರು ಬಂದು ನನ್ನ ಕೈಯಿಂದ ಆ ಕವರನ್ನು ಕಿತ್ತುಕೊಂಡು, ಐವತ್ತೂ ಲೋಟವನ್ನು ನೆಲಕ್ಕೆ ಸುರಿದರು.

"ನಿನ್ ಎಂಜಲು ಇವ್ರೆಲ್ಲ ಯಾಕೆ ಕುಡೀಬೇಕು?"

ಕೂಗಲಿಲ್ಲ. ಮೆಲ್ಲಗೇ ಹೇಳಿದರು, ಆದರೆ ಕೊರೆಯುವ ಮೆಷಿನುಗಳೆಲ್ಲ ಅದೇ ಹೊತ್ತಿಗೆ ನಿಂತಿದ್ದವು. ಬಾಯಿ ತೆರೆದುಕೊಂಡು ಮಲಗಿದ್ದವರು ಬಾಯಿ ತೆರೆದೇ ನನ್ನ ಕಡೆ ಕತ್ತು ತಿರುಗಿಸಿದರು. ನಾನು ಮೊಣಕಾಲೂರಿ, ಕುರ್ಚಿಗಳ ಕೆಳಗೆಲ್ಲ ಉರುಳಿ ಹೋಗಿದ್ದ ಲೋಟಗಳನ್ನು ಒಂದೊಂದಾಗಿ ಆರಿಸಿದೆ. ಭಾವನವರು ಪಕ್ಕದಲ್ಲಿ ನಿಂತು ಒಂದೊಂದಕ್ಕೂ ಕತ್ತರಿ ಗುರುತು ಹಾಕಿದರು. ಅವತ್ತು ಸಂಜೆ ಮನೆಗೆ ಬಂದು ಬಚ್ಚಲುಮನೆಯ ಚಿಲಕ ಹಾಕಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಅವರು ಹಾಳಾಗಿ ಹೋಗಲಿ ಎಂದು ಶಪಿಸಿದೆ. ಶಪಿಸುವಾಗಲೂ 'ಹಾಳಾಗಿ ಹೋಗಲಿ ಅವರು' ಎಂದು ಗೌರವ ಕೊಟ್ಟೇ ಶಪಿಸಿದೆ, ನನ್ನ ತಾಯಿ ಕಲಿಸಿದ ಮರ್ಯಾದೆ ಎಲ್ಲಿ ಹೋಗುತ್ತದೆ.

ಅವರೇಕೆ ಹೀಗೆ ಎಂದು ನಮ್ಮ ಹಳೆಯ ಕಾಂಪೌಂಡರು ಒಂದು ಸಲ ಹೇಳಿದ್ದರು. ಭಾವನವರು ಇಪ್ಪತ್ತರ ವಯಸ್ಸಿನಲ್ಲಿ ಸೇರಿದಾಗ ಪ್ಲಾಸ್ಟಿಕ್ ಲೋಟಗಳಿದ್ದವಂತೆ. ಒಂದು ಸಲ ಬಳಸಿ ಎಸೆಯಬೇಕಾದ ಆ ಲೋಟಗಳನ್ನು ಒಂದು ಬಕೆಟ್ ನೀರಿನಲ್ಲಿ ಅದ್ದಿ, ಒರೆಸಿ, ಮತ್ತೆ ಕುರ್ಚಿಗೆ ಇಡಬೇಕೆಂದು ಆಗಿನ ಮೇಲಿನವರ ಅಪ್ಪಣೆ. ಅದ್ದಿ ಒರೆಸಿ ಇಡುತ್ತಿದ್ದವರು ಭಾವನವರು. ಒಂದು ವಾರದಲ್ಲಿ ಹನ್ನೊಂದು ಜನರಿಗೆ ಬಾಯಿ ತುಂಬ ಹುಣ್ಣಾಯಿತಂತೆ. ಅವರಲ್ಲಿ ಒಬ್ಬಳು ಬಸುರಿ, ಹತ್ತು ದಿನ ಅನ್ನ ನುಂಗಲಾಗದೆ ನರಳಿದಳಂತೆ. ಆಕೆಯ ಗಂಡ ಬಂದು ಭಾವನವರ ಕೆನ್ನೆಗೆ ಹೊಡೆದನಂತೆ, ಭಾವನವರು ಕೈ ಅಡ್ಡ ಹಿಡಿಯಲಿಲ್ಲವಂತೆ.

"ಅವತ್ತಿಂದ ಹೀಗಮ್ಮ" ಎಂದರು ಕಾಂಪೌಂಡರು, ನನ್ನ ಕಣ್ಣಲ್ಲಿ ನೀರು ಬರುತ್ತದೆಯೋ ಎಂದು ನೋಡುತ್ತ.

ಬರಲಿಲ್ಲ. ಮೂವತ್ತೇಳು ವರ್ಷದ ಹಿಂದೆ ಯಾರೋ ಕೊಟ್ಟ ಏಟಿಗೆ ನನ್ನ ಮೇಲೆ ಯಾಕೆ ಸೇಡು? ನಾನೇನು ಅವರಿಗೆ ಬಕೆಟ್ ತಂದುಕೊಟ್ಟಿದ್ದೆನೇ?

ಈ ವರ್ಷ ಭಾವನವರಿಗೆ ರಿಟೈರಾಗಲು ಎಂಟು ತಿಂಗಳು ಉಳಿದಿತ್ತು. ಅವರ ಜಾಗಕ್ಕೆ ಒಬ್ಬರನ್ನು ಖಾಯಂ ಮಾಡುತ್ತಾರೆ ಎಂದು ಸೂಪರಿಂಟೆಂಡೆಂಟ್ ಮೇಡಂ ಹೇಳಿದರು. ಇದ್ದವರು ಇಬ್ಬರು, ನಾನು ಮತ್ತು ಪ್ಲಾಸ್ಟರ್ ರೂಮಿನವನು. ನಮ್ಮಲ್ಲಿ ಒಂದು ಪದ್ಧತಿ ಇದೆ. ಹೋಗುವವರು ತಮ್ಮ ಜಾಗಕ್ಕೆ ಯಾರು ಸರಿ ಎಂದು ಕೈಯಾರೆ ಬರೆದು ಸಹಿ ಹಾಕಿ ಕೊಡಬೇಕು. ಮೇಲಿನವರು ಸಾಮಾನ್ಯವಾಗಿ ಅದನ್ನು ತಳ್ಳಿಹಾಕುವುದಿಲ್ಲ. ಮೇಡಂ ಶನಿವಾರದೊಳಗೆ ಬರೆದುಕೊಡಿ ಎಂದು ಭಾವನವರಿಗೆ ಹೇಳಿದರು.

ಆ ಮನುಷ್ಯನ ಸೂರಿನ ಕೆಳಗಿನಿಂದ ಹೊರಗೆ ಬರಲು ನನಗೆ ಖಾಯಂ ಕೆಲಸ ಬೇಕು. ಖಾಯಂ ಆಗಲು ಆ ಮನುಷ್ಯನೇ ಬರೆದುಕೊಡಬೇಕು. ಒಂಬತ್ತು ವರ್ಷದಲ್ಲಿ ನನ್ನ ಕೆಲಸವನ್ನು ಅವರು ಒಂದು ದಿನವೂ 'ಪರವಾಗಿಲ್ಲ' ಎಂದದ್ದಿಲ್ಲ. ನಾನು ತುಂಬಿದ ಕೊಳವೆಯ ಮುಚ್ಚಳ ತೆಗೆದು ನೋಡುವುದನ್ನು ಬಿಟ್ಟಿದ್ದಿಲ್ಲ. ಅವರು ನನ್ನ ಪರವಾಗಿ ಬರೆಯುತ್ತಾರೆ ಎಂದು ನಾನು ಕನಸಿನಲ್ಲೂ ನಂಬಲಿಲ್ಲ.

ಆ ವಾರದ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಕುರ್ಚಿ ಒರೆಸುವ ಬಟ್ಟೆ ಬೇಕೆಂದು ಸ್ಟೋರ್ ರೂಮಿಗೆ ಹೋದೆ. ಬಾಗಿಲು ಸ್ವಲ್ಪ ತೆರೆದಿತ್ತು. ಭಾವನವರು ನನಗೆ ಬೆನ್ನು ಕೊಟ್ಟು ಹಲಗೆಯ ಹತ್ತಿರ ನಿಂತಿದ್ದರು. ಕೈಯಲ್ಲಿ ಲೋಟದ ಕವರು. ಅದನ್ನು ಬಾಯಿಯ ಕಡೆ ಕತ್ತರಿಸಿದ್ದರು. ನೋಡುತ್ತಿದ್ದಂತೆ ಅದನ್ನು ಮುಖದ ಹತ್ತಿರ ತಂದು ಊದಿದರು.

ಒಂದು ಸಲ ಅಲ್ಲ. ಊದಿದರು, ಎರಡು ಲೋಟ ಬಿಡಿಸಿದರು, ಮತ್ತೆ ಊದಿದರು. ನಡುವೆ ಕೆಮ್ಮು ಬಂತು. ಮೂರು ವಾರದಿಂದ ಅವರಿಗೆ ಒಣಕೆಮ್ಮು ಹಿಡಿದಿತ್ತು. ಕೆಮ್ಮುವಾಗ ಮುಖ ತಿರುಗಿಸಿದರು, ಕೆಮ್ಮು ನಿಂತ ಮೇಲೆ ಮತ್ತೆ ಊದಿದರು. ಕಾಲಿನ ಹತ್ತಿರ ಅಪ್ಪಚ್ಚಿಯಾದ ಒಂದು ಕವರು ಬಿದ್ದಿತ್ತು, ಒಳಗಿನ ಲೋಟಗಳೆಲ್ಲ ನಜ್ಜುಗುಜ್ಜಾಗಿದ್ದವು. ಅಂಗೈ ನಡುವೆ ಉರುಳಿಸಲು ಹೋಗಿ ಹಾಗಾಗಿತ್ತು ಎಂದು ನೋಡಿದ ಕೂಡಲೇ ತಿಳಿಯಿತು. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದರಿಂದ ಬೆರಳಿನ ಸ್ಪರ್ಶ ಹೋಗಿತ್ತು. ಕೆಲವು ದಿನಗಳಿಂದ ಸುಡುವ ಕಾಫಿ ಲೋಟವನ್ನು ಬಟ್ಟೆ ಇಲ್ಲದೆ ಹಿಡಿದುಕೊಳ್ಳುತ್ತಿದ್ದರು, ಅಂಗಿಯ ಗುಂಡಿ ಹಾಕಲು ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದರು. ನಾನು ನೋಡಿದ್ದೆ, ಹಾಳಾಗಿ ಹೋಗಲಿ ಎಂದು ಸುಮ್ಮನಿದ್ದೆ. ಎಷ್ಟು ಹಿಡಿದರೆ ಸಾಕು, ಎಷ್ಟು ಒತ್ತಿದರೆ ಜಾಸ್ತಿ ಎಂದು ಅವರ ಕೈಗೆ ಈಗ ತಿಳಿಯುತ್ತಿರಲಿಲ್ಲ. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾರದೆ ಬಾಗಿಲು ಮರೆ ಮಾಡಿಕೊಂಡು ಊದುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಎನ್ನುತ್ತಿದ್ದರೋ ಏನೋ. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಮದುವೆಯಾದಾಗಿನಿಂದ ಅಷ್ಟು ಖುಷಿ ನನಗೆ ಆಗಿರಲಿಲ್ಲ. ಕೊನೆಗೂ ಅವರ ಜುಟ್ಟು ನನ್ನ ಕೈಗೆ ಸಿಕ್ಕಿತ್ತು. ಸದ್ದಿಲ್ಲದೆ ಹಿಂದಕ್ಕೆ ಬಂದೆ.

ಅವತ್ತೇ ಹೇಳಲಿಲ್ಲ. ಹೇಳಿದರೆ ಮುಗಿದುಹೋಗುತ್ತಿತ್ತು. ಮಂಗಳವಾರವೂ ಬಾಗಿಲ ಸಂದಿಯಿಂದ ನೋಡಿದೆ, ಬುಧವಾರವೂ ನೋಡಿದೆ. ಎರಡು ದಿನವೂ ಊದಿದರು. ಅವರು ತಂದಿಟ್ಟ ಲೋಟಗಳನ್ನು ನಾನು ಕೊಳವೆಗೆ ತುಂಬಿದೆ, ಕೊಳವೆಯಿಂದ ಎಳೆದೆ, ತಳ ಹಿಡಿದು ಒಂದೊಂದು ಕುರ್ಚಿಗೂ ಇಟ್ಟೆ. ಹಾಲ್‌ನಲ್ಲಿ ಭಾವನವರು ಎಂದಿನಂತೆ "ತಳ ಹಿಡೀರಿ" ಎಂದು ಕೂಗುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ. ಮನೆಯಲ್ಲಿ ಅವರು ನಾನು ತೊಳೆದ ಲೋಟ ಮೂಸಿದಾಗಲೂ ನಗು ಬಂತು. 'ಮೂಸಿ, ಮೂಸಿ, ಇನ್ನು ಎಷ್ಟು ದಿನ ಮೂಸುತ್ತೀರೋ ನೋಡೋಣ' ಎಂದುಕೊಂಡೆ.

ಗುರುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿದೆ. ಅವರು ಹಳೆಯ ಸ್ಟೂಲಿನ ಮೇಲೆ ಕೂತು ಊಟದ ಡಬ್ಬಿಯ ಮುಚ್ಚಳ ತೆಗೆಯಲು ಒದ್ದಾಡುತ್ತಿದ್ದರು.

"ಭಾವ, ನೀವು ಊದೋದನ್ನ ನಾನು ನೋಡಿದೀನಿ" ಎಂದೆ.

ಅವರು ಡಬ್ಬಿಯನ್ನು ಕೆಳಗಿಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಯಾವಾಗ ನೋಡ್ದೆ?"

"ಸೋಮವಾರಾನೇ ನೋಡ್ದೆ. ಆಮೇಲೂ ನೋಡ್ದೆ."

"ಈಗ ಏನು?"

"ಶನಿವಾರದೊಳ್ಗೆ ಮೇಡಂಗೆ ಬರ್ದು ಕೊಡ್ಬೇಕಲ್ವಾ. ನನ್ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ದು ಕೊಡಿ. ನಾನು ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ. ಇನ್ನು ಎಂಟು ತಿಂಗ್ಳು ತಾನೆ, ನಿಮ್ ಬದ್ಲು ಕವರು ನಾನೇ ಬಿಡಿಸ್ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು, ಅಂಗೈ ಒಮ್ಮೆ, ಹಿಂಗೈ ಒಮ್ಮೆ ತಿರುಗಿಸಿ ನೋಡಿಕೊಂಡರು. ಬೇಡಿಕೊಳ್ಳುತ್ತಾರೆ ಎಂದು ಕಾದೆ. ಒಂದೇ ಒಂದು ಸಲ, ನಿನ್ನ ಕೈಲಿದೆಯಮ್ಮ ನನ್ನ ಮಾನ ಎಂದಿದ್ದರೆ ಸಾಕಾಗಿತ್ತು ನನಗೆ.

"ಹೋಗಿ ಹೇಳು" ಎಂದರು. "ನಾನು ಹೇಳ್ಬೇಕಾಗಿತ್ತು, ನನ್ ಕೈಲಿ ಆಗ್ಲಿಲ್ಲ. ನೀನು ಹೋಗಿ ಹೇಳು. ಚೌಕಾಸಿ ಮಾತ್ರ ನನ್ ಹತ್ರ ಬೇಡ."

"ಹೇಳಿದ್ರೆ ನಿಮ್ ಗತಿ ಏನಾಗುತ್ತೆ ಗೊತ್ತಾ?"

"ನನ್ ಗತಿ ನಾನು ನೋಡ್ಕೋತೀನಿ. ಒಂದೂವರೆಗೆ ಕುರ್ಚಿ ತುಂಬುತ್ತೆ. ಅಷ್ಟರೊಳ್ಗೆ ಹೇಳು."

ನನಗೆ ಮೈಯೆಲ್ಲ ಉರಿದುಹೋಯಿತು. ಕಳ್ಳತನ ಸಿಕ್ಕಿಬಿದ್ದ ಮೇಲೂ ನನಗೇ ಕೆಲಸ ಹೇಳುತ್ತಾರೆ, ಅದಕ್ಕೂ ಟೈಮು ಹಾಕಿಕೊಡುತ್ತಾರೆ. ನೇರ ಮೇಡಂ ರೂಮಿಗೆ ಹೋದೆ. ಉಪ್ಪು ಖಾರ ಹಚ್ಚುವ ಅಗತ್ಯವೇ ಇರಲಿಲ್ಲ, ಇದ್ದದ್ದೇ ಬೇಕಾದಷ್ಟಿತ್ತು. ಊದುವುದು, ಕೆಮ್ಮು, ಬಾಯಿಯ ಕಡೆ ಕತ್ತರಿಸಿದ ಕವರು, ಎಲ್ಲ ಹೇಳಿದೆ. ಚೌಕಾಸಿಯ ಮಾತು ಒಂದನ್ನು ಮಾತ್ರ ನುಂಗಿಕೊಂಡೆ. ಯಾವತ್ತು ನೋಡಿದ್ದು ಎಂದು ಮೇಡಂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇಡಂ ಭಾವನವರನ್ನು ಕರೆಸಿ ಕೇಳಿದರು. "ಹೌದು ಮೇಡಂ, ಊದಿದೀನಿ" ಎಂದರು ಅಷ್ಟೇ. ಕೈಯ ವಿಷಯ ಅವರೇ ಹೇಳಲಿಲ್ಲ, ಮೇಡಂ ಕೈ ಹಿಡಿದು ಬೆರಳ ತುದಿ ಒತ್ತಿ ನೋಡಿ ತಿಳಿದುಕೊಂಡರು. ಅವತ್ತು ಮಧ್ಯಾಹ್ನ ಕುರ್ಚಿಗಳೆಲ್ಲ ಒಂದು ಗಂಟೆ ಖಾಲಿ ಕೂತವು. ಎಂಟೂ ಕೊಳವೆ ಇಳಿಸಿ ತೊಳೆದೆವು, ಬಿಚ್ಚಿದ ಲೋಟವೆಲ್ಲ ಪ್ಲಾಸ್ಟರ್ ರೂಮಿಗೆ ಹೋಯಿತು. ಭಾವನವರನ್ನು ಕೆಮ್ಮಿನ ಪರೀಕ್ಷೆಗೆ ಕಳಿಸಿದರು, ದೊಡ್ಡದೇನೂ ಇಲ್ಲ ಎಂದು ಬಂತು. ಶುಕ್ರವಾರದಿಂದ ಅವರನ್ನು ಹೊರಗಿನ ಬಾಗಿಲಲ್ಲಿ ಟೋಕನ್ ಕೊಡಲು ಕೂರಿಸಿದರು. ಮೂವತ್ತೇಳು ವರ್ಷ ಹಾಲ್‌ನಲ್ಲಿ ನಿಂತ ಮನುಷ್ಯ ಆ ಹಾಲ್‌ಗೇ ಬೆನ್ನು ತೋರಿಸಿ ಒಂದು ಮೇಜಿನ ಹಿಂದೆ ಕೂತರು. ಟೋಕನ್ ಬಿಲ್ಲೆಗಳು ಬೆರಳಿಗೆ ಸಿಗದೆ ಆಗಾಗ ಕೆಳಗೆ ಬೀಳುತ್ತಿದ್ದವು, ಜನ ಬಗ್ಗಿ ಎತ್ತಿಕೊಳ್ಳುತ್ತಿದ್ದರು. ಓದುವ ಮಕ್ಕಳು ದಾಟಿ ಹೋಗುವಾಗ ಕೆಲವರು ಬಾಯಲ್ಲಿ 'ಫೂ' ಎಂದು ಸದ್ದು ಮಾಡಿದ್ದನ್ನು ನಾನೇ ಕೇಳಿದೆ. ನನಗೆ ಬೇಜಾರಾಗಲಿಲ್ಲ. ಒಂದು ದಿನ ನಾನೂ ಆ ಹಾಲ್‌ನಲ್ಲಿ ಮೊಣಕಾಲೂರಿದ್ದೆ.

ಮನೆಯಲ್ಲಿ ನನ್ನ ಗಂಡ ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕೂತ. "ನಮ್ಮಣ್ಣ ಕಣೇ ಅದು" ಎಂದ.

"ನನ್ನನ್ನ ಎಲ್ಲರೆದುರು ನೆಲಕ್ಕೆ ಬಗ್ಗಿಸಿದಾಗ್ಲೂ ನಿಮ್ಮಣ್ಣಾನೇ" ಎಂದೆ. ಭಾವನವರು ಮುಂದಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದರು. ಬೆರಳಿಗೆ ಪೆನ್ನು ನಿಲ್ಲುತ್ತಿರಲಿಲ್ಲ, ಅದಕ್ಕೊಂದು ಬಟ್ಟೆ ಸುತ್ತಿ ಮುಷ್ಟಿಯಲ್ಲಿ ಹಿಡಿದು ಏನೋ ಬರೆಯುತ್ತಿದ್ದರು. ನನ್ನ ಕಥೆ ಮುಗಿಸುತ್ತಿದ್ದಾರೆ ಎಂದುಕೊಂಡೆ.

ಶನಿವಾರ ಹನ್ನೆರಡು ಗಂಟೆಗೆ ಮೇಡಂ ನನ್ನನ್ನು ಕರೆದು ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಅಕ್ಷರಗಳು ಒಂದು ದೊಡ್ಡದು, ಒಂದು ಸಣ್ಣದು, ಸಾಲು ಬಿಟ್ಟು ಇಳಿದಿದ್ದವು.

"ನಿಮ್ ಭಾವ ಕೊಟ್ಟಿದಾರೆ. ಓದಿ" ಎಂದರು.

ಓದಿದೆ. ಅದರಲ್ಲಿ ಇದ್ದದ್ದು ಇಷ್ಟು.

'ತಾವು ಕೇಳಿದ್ದಕ್ಕೆ ಬರೆದಿದ್ದೇನೆ. ಈಕೆ ನನ್ನ ತಮ್ಮನ ಹೆಂಡತಿ. ನನಗೂ ಈಕೆಗೂ ಆಗುವುದಿಲ್ಲ. ನಾನು ಲೋಟ ಊದುವುದನ್ನು ಈಕೆ ಸೋಮವಾರ ನೋಡಿದಳು. ಗುರುವಾರ ನನ್ನ ಹತ್ತಿರ ಚೌಕಾಸಿಗೆ ಬಂದಳು. ತನ್ನ ಬಗ್ಗೆ ಒಳ್ಳೆಯದು ಬರೆದುಕೊಟ್ಟರೆ ಸುಮ್ಮನಿರುತ್ತೇನೆ ಎಂದಳು. ನಾನು ಒಪ್ಪಲಿಲ್ಲ, ಆಮೇಲೆ ತಮಗೆ ಹೇಳಿದಳು. ನಡುವಿನ ದಿನಗಳಲ್ಲಿ ಊದಿದ ಲೋಟ ಎಂದು ಗೊತ್ತಿದ್ದೂ ಈಕೆಯೇ ಕುರ್ಚಿಗೆ ಇಟ್ಟಳು. ನಾನು ಮಾಡಿದ್ದು ದೊಡ್ಡ ತಪ್ಪು. ಈಕೆ ಮಾಡಿದ್ದೂ ತಪ್ಪೇ. ಕೆಲಸ ಮಾತ್ರ ಈಕೆಗೆ ಬರುತ್ತದೆ. ಒಂಬತ್ತು ವರ್ಷ ದಿನವೂ ಕೊಳವೆ ತೆಗೆದು ನೋಡಿದ್ದೇನೆ, ಮೂರನೇ ವರ್ಷದಿಂದ ಒಂದು ಲೋಟವೂ ತಪ್ಪಿಲ್ಲ. ಪ್ಲಾಸ್ಟರ್ ರೂಮಿನವನಿಗೆ ಬರುವುದಿಲ್ಲ. ಜಾಗ ಈಕೆಗೇ ಕೊಡಿ. ಈಕೆಯ ಮೇಲೆ ಒಬ್ಬರು ನಿಗಾ ಇಡಲಿ.'

ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. "ಇದು ನಿಜ ಅಂತಾದ್ರೆ ಕೆಳಗೆ 'ಓದಿದೆ, ನಿಜ' ಅಂತ ಬರ್ದು ಸಹಿ ಹಾಕಿ. ಹೀಗೆ ಒಪ್ಕೊಂಡ್ರೆ ಜಾಗ ಕೊಡ್ತೀನಿ, ಆರು ತಿಂಗ್ಳು ದಿನಾ ನಾನೇ ಬಂದು ಕೊಳವೆ ನೋಡ್ತೀನಿ. ಸುಳ್ಳು ಅಂತೀರಾ, ಹಾಗೇ ಬರೀರಿ, ವಿಚಾರಣೆ ಮಾಡೋಣ. ಹಾಳೆ ಮಾತ್ರ ನಿಮ್ ಫೈಲಲ್ಲೇ ಇರುತ್ತೆ. ಸೋಮವಾರ ಹೇಳಿ."

ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಅಷ್ಟು ಸಿಟ್ಟಿನಲ್ಲಿ ಮನೆಗೆ ಬಂದೆ. ಭಾವನವರು ಮುಂದಿನ ಕೋಣೆಯಲ್ಲಿ ಚಪ್ಪಲಿ ಬಿಡುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಎದುರು ನಿಂತು ಗಂಟಲು ಏರಿಸಿದೆ.

"ಹೀಗೆ ಬರಿಯೋ ಬದ್ಲು ಬೇಡ ಅಂತಾನೇ ಬರೀಬಹುದಿತ್ತಲ್ಲ. ಕೊಟ್ಟ ಹಾಗೂ ಮಾಡಿ ಮುಖಕ್ಕೆ ಮಸಿ ಬಳಿಯೋದು ಯಾವ ನ್ಯಾಯ?"

"ಸುಳ್ಳು ಯಾವ್ದು ಇದೆ ಹೇಳು. ಹೊಡ್ದು ಹಾಕ್ತೀನಿ."

"ನಾನು ನಿಮ್ ಮನೆ ಸೊಸೆ."

"ಅದನ್ನೂ ಬರ್ದಿದೀನಿ."

"ಊದಿದ್ದು ನೀವು. ಇಟ್ಟಿದ್ದು ನಾನು ಅಂತ ನನ್ನನ್ನ ಯಾಕೆ ಎಳೀತೀರಿ?"

ಅವರು ಚಪ್ಪಲಿಯನ್ನು ಗೋಡೆಗೆ ಒರಗಿಸಿ ನಿಂತರು. "ಮಂಗಳವಾರ ಹದಿನೇಳನೇ ಕುರ್ಚೀಲಿ ಒಬ್ಳು ಮುದುಕಿ ಇದ್ಲು. ದವಡೆ ಹಲ್ಲು ಕಿತ್ತಿದ್ರು. ನಾಲ್ಕು ಸಲ ಮುಕ್ಕಳಿಸಿದ್ಲು. ಲೋಟ ನೀನೇ ಕೈಗೆ ಕೊಟ್ಟೆ. ನಾನು ದೂರದಿಂದ ನೋಡ್ತಿದ್ದೆ. ಬಾಯಿಬಿಟ್ಟು ಬೇಡ ಅನ್ನೋಕೆ ನನಗೂ ಆಗ್ಲಿಲ್ಲ. ನಾನು ಹೆದ್ರಿದ್ದೆ. ನೀನು ಯಾಕೆ ಕೊಟ್ಟೆ?"

ನೀಲಿ ಸ್ವೆಟರಿನ ಮುದುಕಿ. ಲೋಟ ತೆಗೆದುಕೊಳ್ಳುವಾಗ ಅವಳ ಕೈ ನಡುಗುತ್ತಿತ್ತು. ನಾನೇ ತಳಕ್ಕೆ ಕೈ ಕೊಟ್ಟು ಬಾಯಿಯವರೆಗೆ ಹಿಡಿದಿದ್ದೆ. ರಕ್ತ ಬೆರೆತ ನೀರು ಉಗುಳಿ "ನಿನ್ ಹೊಟ್ಟೆ ತಣ್ಣಗಿರ್ಲಿ ಮಗಳೇ" ಎಂದಿದ್ದಳು. ಆ ಹೊತ್ತಿನಲ್ಲಿ ನಾನು ಭಾವನವರ ಕಡೆ ನೋಡಿ ಒಳಗೊಳಗೇ ನಗುತ್ತಿದ್ದೆ. ಅವಳ ಬಾಯಿ ನನ್ನ ಲೆಕ್ಕದಲ್ಲೇ ಇರಲಿಲ್ಲ. ಅವಳು ಆಮೇಲೆ ಆಸ್ಪತ್ರೆಗೆ ಬರಲಿಲ್ಲ. ಚೆನ್ನಾಗಿದ್ದಾಳೋ, ಬಾಯಿ ಊದಿಕೊಂಡು ಎಲ್ಲಾದರೂ ಮಲಗಿದ್ದಾಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಭಾವನವರನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಅವರ ಮೇಲಿನ ಸಿಟ್ಟು ಹೋಯಿತು ಎಂದು ಯಾರೂ ತಿಳಿಯಬೇಡಿ. ಐವತ್ತು ಲೋಟ ಸುರಿದು ನನ್ನನ್ನು ಮೊಣಕಾಲೂರಿಸಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ, ಅವರು ಕ್ಷಮೆ ಕೇಳಿಲ್ಲ, ಕೇಳುವವರೂ ಅಲ್ಲ. ಎರಡು ತಿಂಗಳಲ್ಲಿ ಬೇರೆ ಮನೆ ಮಾಡಿದೆವು. ಹೊರಡುವ ದಿನ ಅವರು ಬಾಗಿಲಿಗೂ ಬರಲಿಲ್ಲ, ನಾನೂ ಕರೆಯಲಿಲ್ಲ.

ಅದೆಲ್ಲ ಆಮೇಲಿನದು. ಆ ಸೋಮವಾರ ಮಾತ್ರ ನಾನು ಮೇಡಂ ರೂಮಿಗೆ ಹೋಗಿ ನಿಂತೆ. ಹಾಳೆ ಮುಂದಿಟ್ಟರು, ಪೆನ್ನು ಕೊಟ್ಟರು. 'ಓದಿದೆ, ನಿಜ' ಎಂದು ಬರೆದು ಭಾವನವರ ಸಹಿಯ ಕೆಳಗೆ ನನ್ನ ಸಹಿ ಹಾಕಿದೆ. ಹದಿನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.